ನೆಲ ಬಿಡದ ಪೈಲಟ್

"ನಿಮ್ಮನ್ನ ವಿಮಾನದಲ್ಲಿ ಪಕ್ಕದಲ್ಲೇ ಕೂರಿಸ್ಕೊಂಡು ಹೋಗಿ, ನಿಮ್ಮ ಮನೆ ಮೇಲಿಂದ ಹೇಗೆ ಕಾಣುತ್ತೆ ಅಂತ ಬೆರಳು ಮಾಡಿ ತೋರಿಸ್ತೀನಿ ಮಾವ" ಎಂದು ಅವನು ಮಾತು ಕೊಟ್ಟಾಗ ಅವರಿನ್ನೂ ಅವನಿಗೆ ಮಾವ ಆಗಿರಲಿಲ್ಲ. ಆಗಲಿ ಎಂಬ ಆಸೆಯಿಂದಲೇ ಆ ಮಾತು ಹೊರಬಿದ್ದದ್ದು.

ಬಹಳ ಹಿಂದಿನ ಮಾತು. ಮಗಳನ್ನು ಕೊಡಿ ಎಂದು ಕೇಳಲು ಹೋದವನು ತನ್ನ ಪರದೆ ಅಂಗಡಿಯಲ್ಲಿ ತೊಡುವ ಸಾದಾ ಅಂಗಿ ತೊಟ್ಟು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ನಾಗರಿಕ ವಾಯು ಸೇವಾ ದಳದ ನೀಲಿ ಸಮವಸ್ತ್ರ ತೊಟ್ಟು, ಎದೆಯ ಮೇಲೆ ಹಿತ್ತಾಳೆಯ ರೆಕ್ಕೆಗಳನ್ನು ಸಿಕ್ಕಿಸಿಕೊಂಡು ಹೋದ. ಹುಡುಗಿಯ ತಂದೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅವರು ಬೀದಿಗೆ ಕಾಲಿಟ್ಟರೆ ಅಂಗಡಿಯವರೆಲ್ಲ ತಕ್ಕಡಿಯಿಂದ ಕೈ ತೆಗೆದು ಜೇಬಿಗೆ ಇಳಿಸುತ್ತಿದ್ದರು. ಅಂಥವರು ಆ ರೆಕ್ಕೆಗಳನ್ನು ದಿಟ್ಟಿಸಿ, "ವಿಮಾನ ಓಡಿಸ್ತೀರೋ?" ಎಂದು ಕೇಳಿದರು.

"ದಳದಲ್ಲಿದ್ದೀನಿ" ಎಂದ ಇವನು.

ಸುಳ್ಳಲ್ಲ. ದಳದಲ್ಲಿದ್ದುದು ನಿಜ. ಅಲ್ಲಿ ಅವನು ಏನು ಮಾಡುತ್ತಿದ್ದ ಎಂಬುದು ಬೇರೆ ಪ್ರಶ್ನೆ, ಅದನ್ನು ಅವರು ಕೇಳಲಿಲ್ಲ. ಕೇಳಿದ್ದರೆ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು, ಹೊಲಿಗೆ ಹಾಕ್ತೀನಿ ಎಂದು ಒಪ್ಪಿಕೊಳ್ಳುತ್ತಿದ್ದನೋ ಏನೋ. ಅವರು ಕೇಳದೆ, ನಮ್ಮ ಮನೆ ಆಕಾಶದಿಂದ ಹೇಗೆ ಕಾಣುತ್ತೋ ನೋಡಬೇಕೆಂದು ಚಿಕ್ಕಂದಿನಿಂದ ಆಸೆ ಎಂದರು. ಇವನು ಮಾತು ಕೊಟ್ಟ. ಮದುವೆ ಆಯಿತು. ಅಂದಿನಿಂದ ಇಡೀ ಬೀದಿ ಅವನನ್ನು ಪೈಲಟ್ ಎಂದೇ ಕರೆಯುತ್ತಿದೆ. ನಾವೂ ಹಾಗೆಯೇ ಕರೆಯೋಣ, ಬೇರೆಯವರ ಮನಸ್ಸು ನೋಯಿಸುವುದೇಕೆ.

ಹೆಂಡತಿಗೆ ನಿಜ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಹೊಸ ಮನೆಯ ಕಿಟಕಿಗೆ ಪರದೆ ತೂಗುಹಾಕಲು ಸ್ಟೂಲು ಹತ್ತಿದ ಪೈಲಟ್, ಮೇಲಿಂದ ನೆಲವನ್ನೊಮ್ಮೆ ನೋಡಿ, ಹಾಗೇ ಕುಕ್ಕರಗಾಲಲ್ಲಿ ಕೂತು, ಪರದೆಯನ್ನು ತಲೆಯ ಮೇಲೆ ಹೊದ್ದುಕೊಂಡುಬಿಟ್ಟ. ಅವಳು ಕೈ ಹಿಡಿದು ಇಳಿಸಿದಳು.

"ಅಪ್ಪನಿಗೆ ಹೇಳಲ್ಲ" ಎಂದಳು. "ಆದ್ರೆ ಅಟ್ಟದ ಮೇಲಿನ ಡಬ್ಬ ಇಳಿಸಿ ಅಂತ ಇನ್ಮೇಲೆ ನಿಮಗೆ ಹೇಳೋ ಹಾಗೂ ಇಲ್ಲ."

ಈಗ ದಳದ ಇತಿಹಾಸವನ್ನು ಸ್ವಲ್ಪ ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ನದಿ ಉಕ್ಕಿ ಊರಿನ ಅರ್ಧ ಭಾಗ ಮುಳುಗಿದಾಗ, ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನದವನೊಬ್ಬ ಯಾರ ಅಪ್ಪಣೆಗೂ ಕಾಯದೆ ಬೇಕರಿಯ ಬ್ರೆಡ್ಡನ್ನೆಲ್ಲ ತುಂಬಿಕೊಂಡು ಹಾರಿದನಂತೆ. ಶಾಲೆಯ ತಾರಸಿಯ ಮೇಲೆ ಸಿಕ್ಕಿಬಿದ್ದವರಿಗೆ ಅದನ್ನು ಎಸೆದನಂತೆ. ಮುಕ್ಕಾಲು ಪಾಲು ಮೀನುಗಳಿಗೆ ಹೋಯಿತು. ಒಂದು ಮಾತ್ರ ಹೆಡ್‌ಮಾಸ್ಟರ ನೆತ್ತಿಗೆ ಸರಿಯಾಗಿ ಬಡಿಯಿತು. ನೆರೆ ಇಳಿದ ಮೇಲೆ ಹೆಡ್‌ಮಾಸ್ಟರು ತಲೆಗೆ ಪಟ್ಟಿ ಕಟ್ಟಿಕೊಂಡೇ ಸಭೆ ಕರೆದು, ಇದನ್ನು ಇನ್ನಷ್ಟು ಮೆತ್ತಗೆ ಎಸೆಯುವ ವ್ಯವಸ್ಥೆ ಆಗಬೇಕು ಎಂದು ಠರಾವು ಮಂಡಿಸಿದರು. ಹೀಗೆ ದಳ ಹುಟ್ಟಿತು. ಅದರ ಮೊದಲ ಅಧ್ಯಕ್ಷರೂ ಅವರೇ, ಮೊದಲ ಗಾಯಾಳುವೂ ಅವರೇ.

ಆಮೇಲೆ ದಳ ಬೆಳೆಯಿತು. ಎರಡು ಹಳೆಯ ವಿಮಾನಗಳು, ಒಂದು ತಗಡಿನ ಶೆಡ್ಡು, ಕುರಿಗಳನ್ನು ಓಡಿಸಿದ ಮೇಲಷ್ಟೇ ಇಳಿಯಲು ಸಿಗುವ ಒಂದು ಬಯಲು. ಸಂಬಳವಿಲ್ಲದ ಕೆಲಸ, ಆದ್ದರಿಂದ ರಜೆಯೂ ಇಲ್ಲ. ವಾರವಿಡೀ ಹಲ್ಲು ಕೀಳುವ ಡಾಕ್ಟರು ಭಾನುವಾರ ವಿಮಾನ ಓಡಿಸುತ್ತಿದ್ದರು. ಡ್ರೈವಿಂಗ್ ಶಾಲೆಯ ಮಾಲೀಕರು ದಳಪತಿ. ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕಿದ್ದಾರೆ, ರಸ್ತೆ ಕೊಚ್ಚಿಹೋದಾಗ ರಕ್ತದ ಚೀಲ ಸಾಗಿಸಿದ್ದಾರೆ, ದೋಣಿ ಮುಳುಗಿ ಹಲಗೆ ಹಿಡಿದು ತೇಲುತ್ತಿದ್ದವರನ್ನು ಕಂಡುಹಿಡಿದಿದ್ದಾರೆ. ಮದುವೆಯ ಹಿಂದಿನ ದಿನ ಓಡಿಹೋದ ಮದುಮಗನೊಬ್ಬನನ್ನೂ ಕಂಡುಹಿಡಿದಿದ್ದರು. ಅವನು ಇಂದಿಗೂ ದಳಕ್ಕೆ ಶಾಪ ಹಾಕುತ್ತಾನೆ.

ನಮ್ಮ ಪೈಲಟ್ ಪರದೆ ಹೊಲಿಯುವ ದರ್ಜಿ. ದಳದಲ್ಲಿ ಅವನಿಗೆ ಸೂಜಿ ಎಂದು ಹೆಸರು. ಗಾಳಿಯ ದಿಕ್ಕು ತೋರಿಸುವ ಚೀಲ ಹೊಲಿಯುವವನು ಅವನು. ಮೇಲಿಂದ ಬೀಳಿಸುವ ಗಂಟುಗಳಿಗೆ ಪುಟ್ಟ ಪ್ಯಾರಾಚೂಟು ಹೊಲಿಯುವವನೂ ಅವನೇ. ಅಂಗಡಿಯಲ್ಲಿ ಉಳಿದ ಬಟ್ಟೆಯಲ್ಲೇ ಹೊಲಿಯುತ್ತಿದ್ದುದರಿಂದ ದಳದ ಪ್ಯಾರಾಚೂಟುಗಳೆಲ್ಲ ಹೂವಿನ ಚಿತ್ತಾರದವು. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಿತ್ತಳೆ ಬಣ್ಣದ ಉದ್ದನೆಯ ಪಟ್ಟಿಗಳು. ನದಿ ದಂಡೆಯ ಪ್ರತಿ ಮನೆಗೂ ದಳ ಎರಡೆರಡು ಕೊಟ್ಟಿತ್ತು. ತಾರಸಿಯ ಮೇಲೆ ಪಕ್ಕಪಕ್ಕ ಹಾಸಿದರೆ ನಾವು ಕ್ಷೇಮ ಎಂದರ್ಥ. ಒಂದರ ಮೇಲೊಂದು ಅಡ್ಡಡ್ಡ ಹಾಸಿದರೆ ಪ್ರಾಣಕ್ಕೆ ಅಪಾಯ, ತಕ್ಷಣ ಬನ್ನಿ ಎಂದರ್ಥ.

ಇಷ್ಟೆಲ್ಲ ಹೊಲಿದವನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಮಾವ ವರ್ಷಕ್ಕೊಮ್ಮೆ ನೆನಪಿಸುತ್ತಿದ್ದರು, ಪೈಲಟ್ ವರ್ಷಕ್ಕೊಂದು ನೆಪ ಹೇಳುತ್ತಿದ್ದ. ಗಾಳಿ ಸರಿಯಿಲ್ಲ. ಎಂಜಿನ್ ಬಿಚ್ಚಿದ್ದಾರೆ. ಬಿಡಿಭಾಗ ಹಡಗಿನಲ್ಲಿ ಬರುತ್ತಿದೆ. ಆ ಬಿಡಿಭಾಗ ಹಡಗಿನಲ್ಲಿ ಹೊರಟಾಗ ಪೈಲಟ್ಟಿಗೆ ತಲೆತುಂಬ ಕೂದಲಿತ್ತು.

ಹೀಗಿರುವಾಗ ದಳಕ್ಕೆ ಐವತ್ತು ತುಂಬಿತು. ಉತ್ಸವದ ದಿನ ಹಳೆಯ ಸದಸ್ಯರ ಮನೆಯವರನ್ನೆಲ್ಲ ಒಂದು ಸುತ್ತು ಹಾರಿಸುವುದೆಂದು ದಳಪತಿ ಸಾರಿದರು. ಸುದ್ದಿಯನ್ನು ಮಾವನಿಗೆ ಮುಟ್ಟಿಸಿದವನು ಅವರ ಎದುರುಮನೆಯ ಇನ್ಶೂರೆನ್ಸ್ ಏಜೆಂಟು. ಯಾರಾದರೂ ಮೇಲೆ ಹೋಗುತ್ತಾರೆಂದರೆ ಅವನಿಗೆ ಮೊದಲು ಗೊತ್ತಾಗುತ್ತಿತ್ತು.

ಮಾವ ಊರುಗೋಲು ಹಿಡಿದು ನೇರ ಅಂಗಡಿಗೆ ಬಂದರು. ಗಿರಾಕಿ ಕೂರುವ ಕುರ್ಚಿಯಲ್ಲಿ ಕೂತರು.

"ಅಳಿಯಂದ್ರೇ, ಆ ಹಡಗು ಬಂತಾ?"

"ಬಂತು ಮಾವ" ಎಂದ ಪೈಲಟ್. ಬೇರೆ ದಾರಿ ಇರಲಿಲ್ಲ.

"ಒಳ್ಳೇದಾಯ್ತು. ನನ್ನ ಮಂಡಿ ಇನ್ನೊಂದು ವರ್ಷ ತಡೆಯಲ್ಲ ಅಂದಿದ್ದಾರೆ ಮೂಳೆ ಡಾಕ್ಟ್ರು. ಮಂಚ ಹತ್ತೋದೇ ಕಷ್ಟ ಆಗುತ್ತೆ ಅಂತ. ವಿಮಾನ ಹತ್ತೋದಾದ್ರೆ ಈಗಲೇ ಹತ್ತಬೇಕು. ಬಿಟ್ಟರೆ ಆಯ್ತು, ನನ್ನ ಆಸೆ ಹಾಗೇ ಉಳೀತು."

ಪೈಲಟ್ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಅವನ ಉಪಾಯಗಳೆಲ್ಲ ಗುಂಡುಸೂಜಿ ತೆಗೆಯುವಷ್ಟು ಹೊತ್ತಿನಲ್ಲಿ ಹುಟ್ಟುತ್ತಿದ್ದವು, ಅದಕ್ಕೇ ಎಲ್ಲವೂ ಗುಂಡುಸೂಜಿಯಷ್ಟೇ ಉದ್ದ ಇರುತ್ತಿದ್ದವು.

"ಮೊದಲು ತಾಲೀಮು ಅಂತ ಇರುತ್ತೆ ಮಾವ. ಈ ಭಾನುವಾರ ನಾನೊಬ್ಬನೇ ನಿಮ್ಮ ಮನೆ ಮೇಲೆ ಹಾರಿ ರೆಕ್ಕೆ ಅಲ್ಲಾಡಿಸ್ತೀನಿ. ನೀವು ತಾರಸಿ ಮೇಲಿಂದ ನೋಡಿ. ನಮ್ಮನೆ ಮೇಲೆ ನಮ್ಮ ಅಳಿಯನೇ ಹಾರಿದ ಅಂದ್ರೆ, ಅರ್ಧ ನೀವೇ ಹಾರಿದ ಹಾಗಲ್ವಾ?"

"ಅರ್ಧ ಹಾರೋದು ಅಂದ್ರೆ ಬೀಳೋದು" ಎಂದರು ಮಾವ. ಆದರೂ ಒಪ್ಪಿಕೊಂಡು ಎದ್ದರು.

ಪೈಲಟ್ ಅಂಗಡಿ ಮುಚ್ಚಿ ಹಲ್ಲಿನ ಡಾಕ್ಟರ ಬಳಿಗೆ ಓಡಿದ. ಡಾಕ್ಟರು ಒಬ್ಬ ರೋಗಿಯ ಬಾಯಲ್ಲಿ ಅರ್ಧ ಕೈ ಇಳಿಸಿದ್ದರು.

"ಡಾಕ್ಟ್ರೇ, ಭಾನುವಾರ ನೀವು ನನ್ನ ಮಾವನ ಮನೆ ಮೇಲೆ ನನ್ನ ಹಾಗೆ ಹಾರ್ಬೇಕು."

"ನಿನ್ನ ಹಾಗೆ ಹಾರೋದಾದ್ರೆ ನಾನು ಹಾಸಿಗೆಯಿಂದ ಏಳೋದೇ ಬೇಡ."

"ತಮಾಷೆ ಅಲ್ಲ ಡಾಕ್ಟ್ರೇ. ರೆಕ್ಕೆ ಅಲ್ಲಾಡಿಸಿ ಬಂದ್ಬಿಡಿ ಸಾಕು. ಒಳಗೆ ಯಾರಿದ್ದಾರೆ ಅಂತ ಕೆಳಗಿನವರಿಗೆ ಕಾಣಲ್ಲ."

"ಮೇಲಿನವರಿಗೂ ಕಾಣಲ್ಲ. ಎಲ್ಲ ತಾರಸಿನೂ ಒಂದೇ ಥರ. ಗುರುತು ಬೇಕು."

"ಎರಡು ಕಿತ್ತಳೆ ಪಟ್ಟಿ ಕೊಟ್ಟಿರ್ತೀನಿ. ಪಕ್ಕಪಕ್ಕ ಹಾಸಿರ್ತಾರೆ."

ಅಷ್ಟು ಹೊತ್ತೂ ಬಾಯಿ ತೆರೆದುಕೊಂಡೇ ಕೇಳಿಸಿಕೊಳ್ಳುತ್ತಿದ್ದ ರೋಗಿ ಡಾಕ್ಟರ ಕೈ ಪಕ್ಕಕ್ಕೆ ಸರಿಸಿ, "ಹಾಗಾದ್ರೆ ಇವರು ಪೈಲಟ್ ಅಲ್ವಾ?" ಎಂದ. ಡಾಕ್ಟರು ಒಂದು ಹಿಡಿ ಹತ್ತಿಯನ್ನು ಅವನ ಬಾಯಿಗೆ ತುರುಕಿ, "ಕಚ್ಚಿ ಹಿಡ್ಕೊಳ್ಳಿ, ಸೋಮವಾರದವರೆಗೂ ಬಿಡಬೇಡಿ" ಎಂದರು.

ಭಾನುವಾರ ಬೆಳಿಗ್ಗೆ ಪೈಲಟ್ಟಿನ ಹೆಂಡತಿ ತವರಿಗೆ ಹೋಗಿ ತಂದೆಯ ಕೈಹಿಡಿದು ತಾರಸಿ ಹತ್ತಿಸಿದಳು. ಒಂದು ಮೆಟ್ಟಿಲಿಗೆ ಒಂದು ನಿಟ್ಟುಸಿರಿನಂತೆ ಹತ್ತಿ ಬಂದ ಮಾವ, ಪಟ್ಟಿಗಳನ್ನು ಬಿಚ್ಚಿ ಪಕ್ಕಪಕ್ಕ ಹಾಸಿದರು. ಗಾಳಿ ಒಂದನ್ನು ಎಬ್ಬಿಸಿತು. ಅದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಎದ್ದಿತು. ನಿವೃತ್ತಿಯ ದಿನ ಇಲಾಖೆಯವರು ನೆನಪಿಗೆಂದು ಕೊಟ್ಟ ಕಬ್ಬಿಣದ ತೂಕದ ಬಟ್ಟೊಂದು ಅವರ ಬಳಿ ಇತ್ತು. ಮಗಳ ಕೈಲಿ ಅದನ್ನು ತರಿಸಿದರು. ಬಟ್ಟು ಒಂದು, ಪಟ್ಟಿ ಎರಡು. ಮಾವ ಗಲ್ಲ ಕೆರೆದುಕೊಂಡು ಯೋಚಿಸಿ, ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ನಟ್ಟನಡುವೆ ಬಟ್ಟು ಹೇರಿದರು.

"ಅಪ್ಪ, ಅವರು ಪಕ್ಕಪಕ್ಕ ಅಂದಿದ್ರು."

"ಅವರು ವಿಮಾನ ನೋಡ್ಕೊಳ್ಲಿ. ತೂಕದ ವಿಷಯ ನನಗೆ ಬಿಡು. ನೀನು ಹೋಗಿ ಚಹಾ ಮಾಡು."

ಮಗಳು ಇಳಿದು ಹೋದಳು. ಆಕಾಶ ನೋಡಿ ನೋಡಿ ಕತ್ತು ನೋಯತೊಡಗಿದ್ದರಿಂದ ಮಾವ ಚಾಪೆ ಹಾಸಿ, ಪಟ್ಟಿಗಳ ಪಕ್ಕದಲ್ಲೇ ಅಂಗಾತ ಮಲಗಿದರು.

ಬಯಲಿನ ತಗಡಿನ ಶೆಡ್ಡಿನಲ್ಲಿ ಪೈಲಟ್ ರೇಡಿಯೋದ ಮುಂದೆ ಕೂತಿದ್ದ. ಪಕ್ಕದಲ್ಲಿ ದಳಪತಿ ಉತ್ಸವದ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದರು.

"ಸೂಜಿ, ಪಟ್ಟಿ ಕಾಣ್ತಿದೆ" ಎಂದಿತು ಡಾಕ್ಟರ ದನಿ.

"ರೆಕ್ಕೆ ಅಲ್ಲಾಡಿಸಿ ಡಾಕ್ಟ್ರೇ."

"ತಡಿ. ಪಟ್ಟಿ ಅಡ್ಡಡ್ಡ ಇದೆ."

"ಗಾಳಿಗೆ ಸರಿದಿರ್ಬೇಕು."

"ಸರಿದಿಲ್ಲ. ನಡುವೆ ಭಾರ ಇಟ್ಟಿದ್ದಾರೆ. ಪಕ್ಕದಲ್ಲಿ ವಯಸ್ಸಾದವರೊಬ್ಬರು ಬಿದ್ದಿದ್ದಾರೆ." ಡಾಕ್ಟರು ವಿಮಾನವನ್ನು ಇನ್ನಷ್ಟು ಕೆಳಗಿಳಿಸಿದರು. "ಎರಡೂ ಕೈ ಎತ್ತಿ ಬೀಸ್ತಿದ್ದಾರೆ. ಏಳೋಕೆ ಆಗ್ತಿಲ್ಲ ಪಾಪ."

ಪೈಲಟ್ಟಿನ ಮುಖ ಅಸ್ತರಿನ ಬಟ್ಟೆಯಂತೆ ಬಿಳುಚಿತು. ಐವತ್ತು ವರ್ಷಗಳಲ್ಲಿ ಊರೊಳಗಿನ ಯಾವ ತಾರಸಿಯೂ ದಳಕ್ಕೆ ಈ ಭಾಗ್ಯ ಕೊಟ್ಟಿರಲಿಲ್ಲ. ದಳಪತಿ ಮೈಕು ಕಿತ್ತುಕೊಂಡು, "ಗಂಟು ಇಳಿಸಿ ಡಾಕ್ಟ್ರೇ, ನಿಧಾನಕ್ಕೆ, ಕನ್ನಡಿ ನೋಡ್ಕೊಂಡು" ಎಂದು ಅಪ್ಪಣೆ ಕೊಟ್ಟರು. ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅಗ್ನಿಶಾಮಕದವರನ್ನು ಕರೆದರು, ಆಂಬುಲೆನ್ಸನ್ನು ಕರೆದರು. ತಿರುಗಿ ನೋಡಿದರೆ ಕುರ್ಚಿ ಖಾಲಿ. ಪೈಲಟ್ಟಿನ ಸ್ಕೂಟರು ಕುರಿಗಳ ನಡುವೆ ನುಗ್ಗಿ ರಸ್ತೆ ಸೇರಿತ್ತು.

ಇತ್ತ ತಾರಸಿಯ ಮೇಲೆ ಮಾವನ ಸಂತೋಷಕ್ಕೆ ಪಾರವಿರಲಿಲ್ಲ. ಒಂದು ಸುತ್ತು ಹಾಕಿ ಹೋಗುತ್ತಾನೆ ಎಂದುಕೊಂಡಿದ್ದ ಅಳಿಯ ಸುತ್ತಿನ ಮೇಲೆ ಸುತ್ತು ಹಾಕುತ್ತಿದ್ದಾನೆ, ಪ್ರತಿ ಸಲವೂ ಇನ್ನಷ್ಟು ಕೆಳಗೆ ಬರುತ್ತಿದ್ದಾನೆ. ಅವನು ಹತ್ತಿರ ಬಂದಷ್ಟೂ ಇವರು ಜೋರಾಗಿ ಕೈ ಬೀಸಿದರು. ಇವರು ಬೀಸಿದಷ್ಟೂ ಡಾಕ್ಟರಿಗೆ ಗಾಬರಿ ಹೆಚ್ಚಿತು. ಕೊನೆಗೆ ಗುಲಾಬಿ ಹೂವಿನ ಪ್ಯಾರಾಚೂಟೊಂದು ವಿಮಾನದಿಂದ ಹೊರಬಂದು, ತೇಲುತ್ತ ತೇಲುತ್ತ ಎದುರುಮನೆಯ ಏಜೆಂಟಿನ ತಾರಸಿಯ ಮೇಲೆ ಇಳಿಯಿತು. ಅವನು ಗಂಟನ್ನು ಎದೆಗವಚಿಕೊಂಡು ರಸ್ತೆ ದಾಟಿ, ಮೆಟ್ಟಿಲು ಹತ್ತಿ ಬಂದ.

"ಸಾರ್, ಬಿಸ್ಕತ್ತು, ಕಂಬಳಿ, ಗಾಯದ ಪಟ್ಟಿ, ಒಂದು ಸೀಟಿ. ಇದೆಲ್ಲ ನಿಮಗೇನಾ?"

"ಅಳಿಯ ಕಳಿಸಿದ್ದು" ಎಂದರು ಮಾವ ಮಲಗಿದಲ್ಲಿಂದಲೇ. "ಅವರ ಮನಸ್ಸು ದೊಡ್ಡದು."

"ಅದಿರ್ಲಿ. ಕೆಳಗೆ ಆಂಬುಲೆನ್ಸ್ ನಿಂತಿದೆ. ನಿಮ್ಮ ಪಾಲಿಸಿ ಚಾಲ್ತಿಯಲ್ಲಿದೆ ಅಲ್ವಾ ಸಾರ್?"

ಮಾವ ಉತ್ತರ ಕೊಡುವ ಮೊದಲೇ ತಾರಸಿಯ ಗೋಡೆಗೆ ಏಣಿಯೊಂದು ಧಡಾರನೆ ಒರಗಿತು. ಅದರ ತುದಿಯಲ್ಲಿ ಅಗ್ನಿಶಾಮಕದ ಅಧಿಕಾರಿಯ ಟೊಪ್ಪಿಗೆ, ಅದರ ಕೆಳಗೆ ಅಧಿಕಾರಿ.

"ಪ್ರಾಣಾಪಾಯದಲ್ಲಿ ಇರೋರು ಯಾರು?"

ಮಾವ ಏಜೆಂಟನ್ನು ನೋಡಿದರು. ಏಜೆಂಟು ಮಾವನನ್ನು ನೋಡಿದ. ಅಷ್ಟರಲ್ಲಿ ಮೆಟ್ಟಿಲ ಬಾಗಿಲು ಒದ್ದುಕೊಂಡು ನೀಲಿ ಸಮವಸ್ತ್ರವೊಂದು ಒಳನುಗ್ಗಿತು.

"ಮಾವ, ಏನಾಯ್ತು ಮಾವ, ಎದೆ ನೋವಾ, ಮಾತಾಡಿ ಮಾವ" ಎನ್ನುತ್ತ ಪೈಲಟ್ ಮೊಣಕಾಲೂರಿ ಅವರ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

ಸರಿಯಾಗಿ ಆಗಲೇ ವಿಮಾನ ತಲೆಯ ಮೇಲೆ ಹಾದು, ಕೆಳಗೆ ನೆರವು ಬಂದದ್ದನ್ನು ಕಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆ ಅಲ್ಲಾಡಿಸಿತು.

ಎಲ್ಲರೂ ಮೇಲೆ ನೋಡಿದರು. ಆಮೇಲೆ ಎಲ್ಲರೂ ಪೈಲಟ್ಟನ್ನು ನೋಡಿದರು. ಮಾವ ಮೆಲ್ಲಗೆ ಎದ್ದು ಕೂತರು.

"ಅಳಿಯಂದ್ರೇ, ನೀವು ಇಲ್ಲಿದ್ದೀರಿ."

"ಹೌದು ಮಾವ."

"ವಿಮಾನ ಅಲ್ಲಿದೆ."

"ಹೌದು ಮಾವ."

"ಈಗೆಲ್ಲ ತಾನಾಗೇ ಓಡುತ್ತಂತೆ ಸಾರ್" ಎಂದು ಏಜೆಂಟು ಮಧ್ಯೆ ಬಾಯಿ ಹಾಕಿದ. ಅವನ ಒಳ್ಳೆಯತನವನ್ನು ಯಾರೂ ಗಮನಿಸಲಿಲ್ಲ. ಮಗಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಓಡಿಸ್ತಿರೋದು ಹಲ್ಲಿನ ಡಾಕ್ಟ್ರು ಅಪ್ಪ" ಎಂದಳು. "ಇವರು ದಳಕ್ಕೆ ಹೊಲಿಗೆ ಹಾಕ್ತಾರೆ. ಸ್ಟೂಲು ಹತ್ತಿದ್ರೆ ತಲೆಸುತ್ತು ಬರುತ್ತೆ."

"ನಿನಗೆ ಗೊತ್ತಿತ್ತಾ?"

"ಮದುವೆಯಾದಾಗಿನಿಂದ. ಚಹಾ ಆರುತ್ತೆ, ತಗೊಳ್ಳಿ."

ತಲೆಸುತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಾನು ಇರುವುದು ತಾರಸಿಯ ಮೇಲೆ ಎಂಬುದು ಪೈಲಟ್ಟಿಗೆ ನೆನಪಾಯಿತು. ಗಾಬರಿಯಲ್ಲಿ ಮೆಟ್ಟಿಲು ಹತ್ತಿದ್ದೇ ಗೊತ್ತಿರಲಿಲ್ಲ. ಗೋಡೆಯಾಚೆ ಇಣುಕಿದರೆ ಬೀದಿ, ಬೀದಿಯ ತುಂಬ ಕತ್ತೆತ್ತಿದ ಮುಖಗಳು, ಎಲ್ಲ ಗಿರಗಿರನೆ ತಿರುಗುತ್ತಿವೆ. ಅವನು ಕಿತ್ತಳೆ ಪಟ್ಟಿಯ ಮೇಲೆ ಕುಸಿದು, ತೂಕದ ಬಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡ.

ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ನೋಡಿ, ಕರೆ ಬಂದಿದೆ. ಏಣಿ ಹಾಕಿದ್ದೀವಿ. ಯಾರನ್ನೂ ಇಳಿಸದೆ ವಾಪಸ್ ಹೋದ್ರೆ ಮೇಲಿನವರು ನನ್ನನ್ನ ಕೇಳ್ತಾರೆ. ಹಿರಿಯರೇ, ನೀವು ಬರ್ತೀರಾ?"

"ನಾನು ಮೆಟ್ಟಿಲು ಹತ್ತಿ ಬಂದವನು, ಮೆಟ್ಟಿಲಲ್ಲೇ ಇಳೀತೀನಿ" ಎಂದರು ಮಾವ ಚಹಾ ಗುಟುಕರಿಸುತ್ತ. "ಅವರನ್ನ ಕರ್ಕೊಂಡು ಹೋಗಿ."

ಹೀಗೆ ದಳದ ಇತಿಹಾಸದಲ್ಲೇ ಮೊದಲ ಬಾರಿಗೆ ದಳದವನೊಬ್ಬನನ್ನು ದಳವೇ ಕರೆಸಿದವರು ಕಾಪಾಡಿದರು. ಅಗ್ನಿಶಾಮಕದವನ ಬೆನ್ನಿಗೆ ಕಟ್ಟಿಸಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಪೈಲಟ್ ಏಣಿ ಇಳಿಯುವಾಗ ಬೀದಿಯವರು ಚಪ್ಪಾಳೆ ತಟ್ಟಿದರು. ಆಂಬುಲೆನ್ಸಿನವರೂ ಬಂದ ಕೆಲಸ ಸುಮ್ಮನೆ ಆಗಬಾರದೆಂದು ಅವನಿಗೆ ಗ್ಲೂಕೋಸು ಕುಡಿಸಿ ಹೋದರು.

ಆಮೇಲೆ ಕೆಲವು ದಿನ ಮಾವ ಅಂಗಡಿಯ ಕಡೆ ಬರಲಿಲ್ಲ. ಹೆಂಡತಿ ತವರಿಗೆ ಹೋಗಿ ಬಂದಾಗಲೆಲ್ಲ ಪೈಲಟ್ ಬಾಗಿಲಲ್ಲೇ ಕಾಯುತ್ತಿದ್ದ.

"ಏನಂದ್ರು?"

"ಏನೂ ಅನ್ಲಿಲ್ಲ."

"ಬೈದಿದ್ರೆ ಚೆನ್ನಾಗಿತ್ತು ಕಣೇ."

"ನೀವೇ ಹೋಗಿ ಬೈಸ್ಕೊಂಡು ಬನ್ನಿ. ನಾನು ಬೈಗುಳ ಸಾಗಿಸೋ ಕೆಲಸ ಇಟ್ಕೊಂಡಿಲ್ಲ."

ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಉತ್ಸವದ ಹಿಂದಿನ ದಿನ ಅವರೇ ಬಂದರು. ಊರುಗೋಲನ್ನು ಮೇಜಿಗೆ ಒರಗಿಸಿ, ಗಿರಾಕಿಯ ಕುರ್ಚಿಯಲ್ಲಿ ಕೂತು, ಬಹಳ ಹೊತ್ತು ಅಳಿಯನನ್ನೇ ನೋಡಿದರು. ಅವರು ಹಾಗೆ ನೋಡಿದಾಗ ಹಿಂದೆ ದೊಡ್ಡ ದೊಡ್ಡ ಸಕ್ಕರೆ ವ್ಯಾಪಾರಿಗಳೇ ತಪ್ಪೊಪ್ಪಿಕೊಂಡಿದ್ದರು.

"ಮಗಳನ್ನ ಕೇಳೋಕೆ ಬಂದ ದಿನ ನಾನು ಏನು ಕೇಳಿದೆ?"

"ವಿಮಾನ ಓಡಿಸ್ತೀರೋ ಅಂತ."

"ನೀವು ಏನಂದ್ರಿ?"

"ದಳದಲ್ಲಿದ್ದೀನಿ ಅಂದೆ. ತಪ್ಪಾಯ್ತು ಮಾವ."

"ತಪ್ಪು ಒಪ್ಕೊಳ್ಳೋದು ಆಮೇಲೆ. ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತೀನಿ, ಬೆರಳು ಮಾಡಿ ಮನೆ ತೋರಿಸ್ತೀನಿ ಅಂದ್ರಿ. ಓಡಿಸ್ತೀನಿ ಅಂತ ಅಂದ್ರಾ?"

"ಇಲ್ಲ ಮಾವ." ಅವನಿಗೆ ಸ್ವಲ್ಪ ಉಸಿರು ಬಂತು.

"ಹಾಗಾದ್ರೆ ಇನ್ನೇನು ಅಡ್ಡಿ? ಓಡಿಸೋದು ಡಾಕ್ಟ್ರ ಕೆಲಸ. ಪಕ್ಕದಲ್ಲಿ ಕೂರೋದು, ಬೆರಳು ಮಾಡೋದು ನಿಮ್ಮ ಕೆಲಸ. ನಾಳೆ ತಯಾರಾಗಿರಿ."

ಬಂದ ಉಸಿರು ಅಲ್ಲೇ ನಿಂತಿತು. "ಮಾವ, ನನಗೆ ತಲೆಸುತ್ತು."

"ಸುತ್ತಲಿ. ತಲೆ ನಿಮ್ಮದು. ಮಾತು ನನಗೆ ಕೊಟ್ಟಿದ್ದು."

ಉತ್ಸವದ ದಿನ ಬಯಲಿನ ತುಂಬ ಜನ. ದಳಪತಿ ಇತಿಹಾಸ ಹೇಳಿದರು. ಬ್ರೆಡ್ಡು ಬಿದ್ದ ದಿನದಿಂದ ಹಿಡಿದು, ಮೊನ್ನೆ ತಾರಸಿಯೊಂದರ ಮೇಲೆ ನಡೆದ ಸಾಹಸಮಯ ರಕ್ಷಣಾ ಕಾರ್ಯದವರೆಗೆ. ಆ ಕಾರ್ಯದ ವೀರ ಯಾರೆಂದು ಕೇಳಿದಾಗ ಜನ ಪೈಲಟ್ಟನ್ನೇ ಎತ್ತಿ ವೇದಿಕೆಯ ಮೇಲೆ ನಿಲ್ಲಿಸಿದರು. ವೇದಿಕೆ ಸೊಂಟದೆತ್ತರ ಇತ್ತು. ಅವನು ಮೈಕಿನ ಕಂಬ ಹಿಡಿದುಕೊಂಡೇ ಕೈಮುಗಿದ.

ವಿಮಾನ ಹತ್ತುವ ಮೊದಲು ಹೆಂಡತಿ ಒಂದು ಬಟ್ಟೆಯ ಚೀಲ ಕೈಗಿಟ್ಟಳು.

"ಇದೇನೇ?"

"ಹೊಟ್ಟೆಗೆ. ಕಿಟಕಿ ಹೊರಗೆ ಬೇಡ, ಕೆಳಗೆ ಜನ ಇದ್ದಾರೆ."

ಮಾವನನ್ನು ಹತ್ತಿಸಲು ಇಬ್ಬರು ಬೇಕಾಯಿತು, ಅಳಿಯನನ್ನು ಹತ್ತಿಸಲು ನಾಲ್ವರು. ಡಾಕ್ಟರು ಎಂಜಿನ್ ಚಾಲೂ ಮಾಡಿದರು. ಕುರಿಗಳು ಚದುರಿದವು. ನೆಲದ ಕುಲುಕಾಟ ತಟ್ಟನೆ ನಿಂತಿತು. ಅಷ್ಟರಲ್ಲಾಗಲೇ ಪೈಲಟ್ ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಭದ್ರವಾಗಿ ಹಿಡಿದುಕೊಂಡಿದ್ದ.

"ಅಳಿಯಂದ್ರೇ, ಅದು ನನ್ನ ನೋಯೋ ಮಂಡಿ."

"ಗೊತ್ತಾಗ್ಲಿಲ್ಲ ಮಾವ" ಎಂದ. ಬಿಡಲಿಲ್ಲ.

"ಇರ್ಲಿ ಬಿಡಿ. ನದಿ ಕಾಣ್ತಿದೆ ನೋಡಿ. ಎಷ್ಟು ಸಣ್ಣದಿದೆ. ಇದಕ್ಕೇನಾ ಅಷ್ಟು ಹೆದರಿದ್ದೆವು ನಾವು." ಮಾವ ಕಿಟಕಿಗೆ ಹಣೆ ಒತ್ತಿದ್ದರು. ಮಾತು ಮಕ್ಕಳ ಹಾಗೆ ಒಂದರ ಮೇಲೊಂದು ಬೀಳುತ್ತಿತ್ತು. "ಅಗೋ ಸೇತುವೆ. ಅಗೋ ನನ್ನ ಹಳೇ ಆಫೀಸು, ತಗಡು ತುಕ್ಕು ಹಿಡಿದಿದೆ, ಯಾರೂ ನೋಡ್ಕೊಳ್ತಿಲ್ಲ. ನಮ್ಮ ಬೀದಿ ಬಂತು ಅನ್ಸುತ್ತೆ. ಅಳಿಯಂದ್ರೇ, ತೋರಿಸಿ. ನಮ್ಮನೆ ಯಾವುದು?"

ಪೈಲಟ್ ಹಲ್ಲು ಕಚ್ಚಿದ. ಮಂಡಿಯಿಂದ ಒಂದು ಕೈ ಬಿಡಿಸಿಕೊಂಡ. ಒಂದೇ ಒಂದು ಕಣ್ಣು ತೆರೆದು, ಕಿಟಕಿಯಾಚೆ ಬೆರಳು ಚಾಚಿ, "ಅದೇ ಮಾವ" ಎಂದು, ಕಣ್ಣು ಮುಚ್ಚಿಕೊಂಡ.

ಅವನ ಬೆರಳು ತೋರಿಸಿದ್ದು ಸಾಬೂನು ಕಾರ್ಖಾನೆಯ ಗೋದಾಮನ್ನು. ಡಾಕ್ಟರು ಏನೋ ಹೇಳಲು ಹಿಂದೆ ತಿರುಗಿದರು. ಮಾವ ಅಂಗೈ ಎತ್ತಿ ಅವರನ್ನು ತಡೆದರು. ಗೋದಾಮನ್ನೇ ಸ್ವಲ್ಪ ಹೊತ್ತು ನೋಡಿದರು.

"ಹೌದು, ಅದೇ" ಎಂದರು. "ಚೆನ್ನಾಗಿ ಕಾಣ್ತಿದೆ."

ಕೊಟ್ಟ ಮಾತು ನಡೆಯಿತು.